ಎಷ್ಟು ಎಳೀಬೇಕು

ಬೂದವ್ವ ಮೂರು ದಿನದಿಂದ ಕಾಳು ಮುಟ್ಟಿಲ್ಲ.
ಕುತ್ತಿಗಿ ಬುಡದಾಗ ಕಾಳಿನ ಚೀಲ
ತುಂಬಿದ ಜೇಬಿನಂಗ ಜೋತುಬಿದ್ದೈತಿ.
ಒತ್ತಿದರ ನಾದಿದ ಕಣಕ. ಬಿಟ್ಟರ ಮತ್ತ ಹಂಗ.
ಬಾಯಿ ತೆರೆದರ ಹುಳಿ ವಾಸನಿ.

ಹಿಂದಿನ ಜೇಬು ಹೊಲಿಯೋದು ನನ್ನ ಕೆಲಸ.
ಕೌಲ್ ಬಜಾರಿನ ಈ ಒಂದೂವರೆ ಖೋಲಿಯಾಗ
ದಿನಕ್ಕ ಇನ್ನೂರು ಪ್ಯಾಂಟು, ನಾಕ್ನೂರು ಜೇಬು.
ಬಂಡಲ್ ಬಿಚ್ಚಿದಲ್ಲೆಲ್ಲ ದಾರ, ಚಿಂದಿ, ತಾಮ್ರದ ಗುಂಡಿ.
ಅದನ್ನ ಕೆದರಿಕೋತ ಬೆಳೆದಾಕಿ ಅಕಿ,
ಮೊಟ್ಟಿ ಇಟ್ಟರ ಮೂವತ್ತಾರರ ಸೈಜಿನ ಬಂಡಲ್ ಮ್ಯಾಲೇ.

ಅತ್ತಿ ಸುಂಕಮ್ಮ ಮೊದಲನೇ ದಿನಾನ ಅಂದಳು:
"ಕಣ್ಣು ಬಿಟ್ಟಿರೂದ್ರಾಗ ಕೊಯ್ಯಿ.
ಔಷಧ ಬಿದ್ದ ಕೋಳಿ ತಿನ್ನಾಕ ಬರಂಗಿಲ್ಲ.
ಮೊದಲನೇ ಹನಿ ಹಾಕೂ ಮುಂಚೆ ಯೋಚನಿ ಮಾಡು."
ಮಾಡಿದೆ. ಹಾಕಿದೆ.

ಐವತ್ತು ರೂಪಾಯಿ, ಮ್ಯಾಲೆ ಒಂದು ಪೈಸೆ ಇಲ್ಲ ಅಂದ್ಕೊಂಡಿದ್ದೆ.
ಅರಿಶಿಣ, ಬಳ್ಳೊಳ್ಳಿ, ಕುಸುಬಿ ಎಣ್ಣಿ ಮನ್ಯಾಗಿನವು, ಲೆಕ್ಕಕ್ಕಿಲ್ಲ.
ನೂರಾ ಇಪ್ಪತ್ತಾತು.
ಆಮ್ಯಾಲೆ ಅರ್ಧ ದಿನದ ಕೂಲಿ, ಅಷ್ಟ, ಅಂದ್ಕೊಂಡೆ.
ದನದ ದವಾಖಾನಿಗೆ ಆಟೋ, ಬುಟ್ಟಿ, ಬುಟ್ಟಿಗೆ ಚಿಂದಿ ಹಾಸಿಗಿ.
ಡಾಕ್ಟ್ರು ಯಾರದೋ ಎಮ್ಮಿ ಈಯಿಸಾಕ ಹೋಗಿದ್ರು.
ಕಂಪೌಂಡರ್ ಒಂದು ಬೆರಳಿಂದ ಒತ್ತಿ ನೋಡಿ ಕೇಳಿದ,
"ಎಷ್ಟು ಬಾಳ್ತೈತಿ?"
"ಉಳದರ ಇನ್ನೂ ನಾಕು ವರ್ಷ" ಅಂದೆ.
ಅವ ಕೇಳಿದ್ದು ರೇಟು.

ಹೊನ್ನೂರಬಿ ಗ್ವಾಡಿ ಮ್ಯಾಲಿಂದ ಬಗ್ಗಿ ಹೇಳಿದಳು,
ಅವರ ತವರಾಗ ಬ್ಲೇಡಿನಿಂದ ಚೀಲ ಸೀಳಿ
ತೊಳೆದು ಹೊಲಿತಾರಂತ.
"ನಿನ್ನಂಥಾ ಕೈಗೆ ಏನವ್ವ, ಎರಡು ಟಾಕಿ."
ಕೈ ನೋಡಿಕೊಂಡೆ. ಉಗುರಿಗೆಲ್ಲ ನೀಲಿ.
ಪ್ಯಾಂಟು ತಪ್ಪಿದರ ಬಿಚ್ಚಿ ಮತ್ತ ಹೊಲೀತೀನಿ.
ಬ್ಲೇಡು ಕಾಗದದಾಗ ಸುತ್ತಿ ಕಪಾಟಿನ ನೆತ್ತಿ ಮ್ಯಾಲೆ ಇಟ್ಟೆ,
ಗಂಗಿಗೆ ಎಟಕಬಾರದಂತ,
ನನಗೂ.

ರಾತ್ರಿ ಕರೆಂಟು ಹೋತು.
ಮೊಬೈಲ್ ಬೆಳಕಿನಾಗ ಎಣ್ಣಿ ಬಿಡಾಕ ಕೊಕ್ಕು ತೆಗೆದರ
ನಾಲಿಗಿ ಬಾಜೂಕ ಬೆಲ್ಲದ ಬಣ್ಣದ ಎಳಿ, ತುದಿ ಅಷ್ಟ.
ನಂದೇ ದಾರ. ಹಿಂದಿನ ಜೇಬಿಂದು.

ಎರಡು ಬೆರಳಾಗ ಹಿಡಿದೆ.
ಒಂದು ಗೇಣು ಬಂತು, ಲೋಳಿ ಸಮೇತ.
ಇನ್ನೊಂದು ಗೇಣು.
"ಎಳೀಯವ್ವಾ, ಎಳಿ" ಅಂತಾಳ ಗಂಗಿ.
ಈ ದಾರ ಹರಿಯಂಗಿಲ್ಲ, ಅದಕ್ಕ ಜೀನ್ಸಿಗೆ ಹಾಕ್ತಾರ.
ಹರಿದರ ಬೂದವ್ವನ ಒಳಗಿಂದೇ ಹರೀಬೇಕು.
ಮೂರನೇ ಗೇಣಿಗೆ ತಡೀತು.
ಅಕಿ ಕೂಗಲಿಲ್ಲ. ಕಾಲುಗುರು ಮಾತ್ರ
ನನ್ನ ಮುಂಗೈಯಾಗ ಇಳಿದ್ವು.

ಅಲ್ಲಿಗೇ ಕತ್ತರಿ ಹಾಕಿದೆ.
ಉಳಿದದ್ದು ಒಳಕ್ಕ ಸರೀತು.

ಮುಂಜಾನಿ ಬುಟ್ಟ್ಯಾಗ ಕುಂತಾಳ. ಎದ್ದಿಲ್ಲ, ಬಿದ್ದಿಲ್ಲ.
ಚೀಲ ಒಂದೀಟು ಸಣ್ಣಾಗೈತಿ ಅನಸ್ತೈತಿ,
ನನ್ನ ಕೈಗೆ ಹಂಗ ಅನಸಬೇಕಾಗೈತೋ ಏನೋ.
ಅತ್ತಿ ಮಸಾಲಿ ಕಲ್ಲು ತೊಳೆದು ಬಿಸಲಿಗೆ ಇಟ್ಟಾಳ, ಮಾತಿಲ್ಲ.
ನುಚ್ಚು ನೆನಸಿ, ತನ್ನ ಚಹಾದ ಬಸಿಯಾಗ ಹಾಕಿ
ಬುಟ್ಟಿ ಬಾಯಿಗೆ ಸರಿಸಿದಾಕೀನೂ ಅಕೀನ.

ಒಂಬತ್ತಕ್ಕ ಬಂಡಲ್ ಬಂತು, ನಿನ್ನಿ ಬಾಕಿ ಬ್ಯಾರೆ.
ಮೊದಲು ನೆಲ ಗುಡಿಸಿದೆ, ಮಷಿನ್ ಕೆಳಗೂ, ಮೂಲಿಗೂ.
ಆಮ್ಯಾಲೆ ಸೂಜಿಗೆ ದಾರ.