ಹತ್ತರಿಂದ ಎರಡರ ತನಕ

ನವೆಂಬರಿನಲ್ಲಿ ಕಾಫಿ ಕಣ ಇನ್ನೂ ಖಾಲಿ.
ಸಿಮೆಂಟಿನ ಮೇಲೆ ಸಾಲಾಗಿ ನಿಂತು ಆರು ಜನ ಹೆಂಗಸರು
ನೀರಿಲ್ಲದ ಕಡೆ ಗಾಳ ಬೀಸುತ್ತಿದ್ದೇವೆ.
ಗಾಳವೂ ಇಲ್ಲ, ದಾರದ ತುದಿಗೆ ಕೆಂಪು ಉಲ್ಲನ್ನಿನ ಚೂರು,
ಅದರ ಹಿಂದೆ ಉತ್ತಯ್ಯನವರ ಬೆಕ್ಕು.

ಕ್ಲಬ್ಬಿನ ಉತ್ತಯ್ಯ, ಅಂಚೆ ಕಚೇರಿಯಿಂದ ನಿವೃತ್ತ,
ಈಗಲೂ ಮೊಹರು ಒತ್ತಿದಂತೆ ಮಾತು:
"ಪಕ್ಕದಲ್ಲಿ ಒಂದು ಗಡಿಯಾರ ಇದೆ ಅಂದುಕೊಳ್ಳಿ.
ಕೋಲು ಮುಂದೆ ಹತ್ತಕ್ಕೆ ನಿಲ್ಲಬೇಕು, ಹಿಂದೆ ಎರಡಕ್ಕೆ.
ಆಚೆ ಹೋದರೆ ದಾರ ಸತ್ತಿತು."

ಹತ್ತರಿಂದ ಎರಡು!
ದೇಚಮ್ಮ ಪಕ್ಕನೆ ನಕ್ಕಳು.
ಅಕ್ಕಿ ತೊಳೆದು, ತೋಟದವರ ಚೀಟಿ ಬರೆದು,
ಮಾವನ ಮಾತ್ರೆ ಎಣಿಸಿ,
ಒಗ್ಗರಣೆಯ ಸದ್ದಿನಲ್ಲಿ ಮುಗಿದುಹೋಗುವ ಹೊತ್ತು ಅದು.
ಆ ನಾಲ್ಕು ಗಂಟೆಗಳನ್ನು ಹೀಗೆ
ಗಾಳಿಯಲ್ಲಿ ಎತ್ತಿ ಹಿಡಿದದ್ದು ಇದೇ ಮೊದಲು.

ಹಿಂದಕ್ಕೆ ಬೀಸಿ ಕಾಯಬೇಕು,
ಕಾಣದ ಬೆನ್ನ ಹಿಂದೆ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ.
ಕಾಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ ಅಂದಿದ್ದೆ.
ತಪ್ಪು. ಈ ಕಾಯುವುದು ಬೇರೆ.
ರೆಪ್ಪೆ ಬಡಿಯುವಷ್ಟು, ಅಷ್ಟೇ.
ಮುಂಚೆ ಎಳೆದರೆ ಚಾಟಿಯ ಸದ್ದು, ತಡವಾದರೆ ಹುಲ್ಲು.
ಮೂರು ವಾರ ನಾನು ಹುಲ್ಲನ್ನೇ ಹಿಡಿದೆ,
ಒಮ್ಮೆ ಸುಲೈಖಾಳ ದುಪ್ಪಟ್ಟ.

ನೊಣ ಕಟ್ಟುವುದು ಮಾತ್ರ ನಮಗೆ ಸಲೀಸು.
ಮನೆ ಹುಂಜದ ಕತ್ತಿನ ಗರಿ,
ಬೊಳ್ಳಮ್ಮನ ಮದುವೆ ಸೀರೆಯ ಅಂಚಿನಿಂದ ಬಿಚ್ಚಿದ ಜರಿ.
"ನಲವತ್ತೊಂದು ವರ್ಷ ಪೆಟ್ಟಿಗೆಯಲ್ಲಿತ್ತು,
ಮೀನಾದರೂ ನೋಡಲಿ" ಎಂದಳು.
ಗಾಳದ ಮರುಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಬೇಕು,
ಕ್ಲಬ್ಬಿನ ನಿಯಮ: ಹಿಡಿದದ್ದನ್ನು ನೋಯಿಸದೆ ಬಿಡಬೇಕು.
"ಮನೆಗಳಿಗೂ ಇರಬೇಕಿತ್ತು ಈ ನಿಯಮ" ಅಂದಳು ದೇಚಮ್ಮ.
ಯಾರೂ ಏನೂ ಕೇಳಲಿಲ್ಲ. ಇಕ್ಕಳ ಕೈಯಿಂದ ಕೈಗೆ ಹೋಯಿತು.

ಜನವರಿ. ವಾಲ್ನೂರಿನ ಹತ್ತಿರ ಹೊಳೆ ಇಳಿದಿತ್ತು.
ಗಂಡಸರ ಅಳತೆಯ ರಬ್ಬರ್ ಬೂಟಿನ ತುದಿಗೆ
ಹಳೆ ಪೇಪರು ತುರುಕಿ ನೀರಿಗಿಳಿದೆವು.
ಬೆಳಗಿನಿಂದ ಒಂದೂ ಇಲ್ಲ.

ಹೊಳೆ ಕಾವಲಿನ ಚೋಮಿ, ಮೈಮೇಲೆ ಖಾಕಿ ಕೋಟು,
ಈಗ ಸಂಬಳಕ್ಕೆ ಕಾಯುವವಳು,
ಸಂಬಳಕ್ಕೆ ಮುಂಚೆ ಕೂಳಿ ಇಟ್ಟು ಇದೇ ನೀರು ಓದಿದವಳು,
ಬೀಡಿ ಆರಿಸಿ ಕೇಳಿದಳು:
"ಈಗ ಇಲ್ಲಿ ನೊಣ ಎಲ್ಲಿದೆ ಅಕ್ಕ?
ಅತ್ತಿ ಹಣ್ಣು ಉದುರುವ ಕಾಲ.
ಮೀನು ಮರದ ಕೆಳಗೆ ಬಾಯಿ ತೆರೆದು ಕೂತಿದೆ."

ಉತ್ತಯ್ಯನವರ ಪುಸ್ತಕದಲ್ಲಿ ಅತ್ತಿ ಹಣ್ಣಿರಲಿಲ್ಲ.
ಸುಲೈಖಾ ಸ್ವೆಟರಿನ ತೋಳಿನಿಂದ ಕಂದು ಎಳೆ ಎಳೆದು
ಗಾಳದ ಮೇಲೆ ಉಂಡೆ ಸುತ್ತಿದಳು.
ತೊಟ್ಟಿಗೆ ನನ್ನ ಜರಿ ಇರಲಿ ಎಂದು ಬೊಳ್ಳಮ್ಮ.
ಬೀಸಿದ್ದೂ ಅವಳೇ.
ತೊಪ್. ಹಣ್ಣು ಬಿದ್ದದ್ದೇ ಸೈ.

ಆಮೇಲಿನದು ಸರಿಯಾಗಿ ನೆನಪಿಲ್ಲ.
ರೀಲು ಕಿರುಚಿತು. ಅರವತ್ತಮೂರರ ಬೊಳ್ಳಮ್ಮ
ಮೊಣಕಾಲು ನೋವನ್ನು ದಡದಲ್ಲಿ ಬಿಟ್ಟು
ಬಂಡೆಯಿಂದ ಬಂಡೆಗೆ ಹೊಳೆಯ ಜೊತೆ ಓಡಿದಳು.
ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಕೂಗುತ್ತಿದ್ದೆವು
ಬಿಡು, ಎಳೆ, ಅಯ್ಯೋ ಬಿಡು!
ಇಪ್ಪತ್ತು ನಿಮಿಷ.
ಕೊನೆಗೆ ನೀರಿನೊಳಗೇ ಅವಳ ಎರಡು ಕೈ, ಕೈಗಳಲ್ಲಿ ಮಹಸೀರ್.
ಹಳೆಯ ರೂಪಾಯಿಯಗಲ ಹುರುಪೆ, ತಿಕ್ಕಿದ ಕಂಚಿನ ಬೆನ್ನು,
ದಪ್ಪ ತುಟಿಯಲ್ಲಿ ಮದುವೆ ಸೀರೆಯ ಜರಿ.
ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ಕಾದಳು,
ಕಿವಿರು ತಾನಾಗಿ ತೆರೆದು ಮುಚ್ಚುವ ತನಕ.
ಹೋಯಿತು. ಬಾಲದ ಏಟಿಗೆ ಕನ್ನಡಕ ಒದ್ದೆ.

"ಇಷ್ಟೆಲ್ಲ ಮಾಡಿದ್ದು ಬಿಡೋದಕ್ಕಾ?"
ಚೋಮಿ ನಗುತ್ತಿದ್ದಳು,
ಮೀನು ಹೋದ ದಿಕ್ಕಿನಿಂದ ಕಣ್ಣು ತೆಗೆಯದೆ.

ಕ್ಲಬ್ಬಿನ ರಿಜಿಸ್ಟರಿನಲ್ಲಿ ತೂಕಕ್ಕೊಂದು ಕಲಮು.
ತಕ್ಕಡಿ ತಂದಿರಲಿಲ್ಲ.
ಬೊಳ್ಳಮ್ಮ ಯೋಚಿಸಿ ಬರೆದಳು:
ನನ್ನ ಮೊದಲ ಮಗು ಹುಟ್ಟಿದಾಗ ಇದ್ದಷ್ಟು.
ಅಂದರೆ ಎಷ್ಟು ಕಿಲೋ, ಉತ್ತಯ್ಯ ಕೇಳಿದರು.
ಅದನ್ನೂ ತೂಗಿರಲಿಲ್ಲ ಅಂದಳು.

ನನ್ನ ಹೆಸರಿನ ಮುಂದೆ ಇವತ್ತಿಗೂ ಸೊನ್ನೆ.
ಕಣದ ತುಂಬ ಕಾಫಿ ಹರಡಿದೆ, ಬೀಸಲು ಜಾಗವಿಲ್ಲ.
ಅಡುಗೆಮನೆಯಲ್ಲಿ ಸೌಟು ಹಿಡಿದ ಕೈ
ತಾನಾಗಿ ಹಿಂದಕ್ಕೆ ಹೋಗಿ ಎರಡರಲ್ಲಿ ನಿಲ್ಲುತ್ತದೆ.
ಹಾಲು ಉಕ್ಕುತ್ತಿದೆ ಎಂದು ಯಾರೋ ಕೂಗುತ್ತಾರೆ.
ಒಂದು ಗಳಿಗೆ ತಡೆಯಿರಿ,
ದಾರ ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ.