ಸೊನ್ನೆ ಹಿಡಿದವಳು

ಪರ್ಯಾಯ ಅನ್ನಬಾರದು ಎಂದು
ಮೊದಲ ದಿನವೇ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹೇಳಿದ್ದರು.
ಬಹಿಷ್ಕಾರ ಅನ್ನಲೇಬಾರದು.
ಇದು ಮೈತ್ರಿಯ ಕೂಟ,
ಅಲ್ಲಿಯದು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ.
ಆಮೇಲೆ ಒಂದು ಬಿಳಿ ಟೋಪಿ, ಊಟದ ಚೀಟಿ,
ಎದೆಗೆ ಚುಚ್ಚಿಕೊಳ್ಳಲು ತಗಡಿನ ಬಿಲ್ಲೆ.

ನಾನು ದ್ರಾಹೋಮಿರಾ. ಸ್ಮೀಖೋವ್ ಶಾಲೆಯಲ್ಲಿ ಭೌತಶಾಸ್ತ್ರ.
ಎಂಬತ್ತನಾಲ್ಕರ ಆಗಸ್ಟು, ಪ್ರಾಗಿನ ಸ್ತ್ರಾಹೋವ್ ಗುಡ್ಡ.
ಅಳೆಯುವ ಯಂತ್ರ ಬೆಳಿಗ್ಗೆಯೇ ಕೆಟ್ಟು ಕೂತಿತ್ತು,
ನಮ್ಮ ಶಾಲೆಯ ಉಕ್ಕಿನ ಟೇಪು ತರಿಸಿದ್ದರು.
ಹೆಂಗಸರ ಡಿಸ್ಕಸ್ ಬಿದ್ದಲ್ಲಿಗೆ ಓಡಿ
ಟೇಪಿನ ಸೊನ್ನೆಯನ್ನು ನೆಲಕ್ಕೊತ್ತಿ ಹಿಡಿಯುವುದು ನನ್ನ ಕೆಲಸ.
ಆ ತುದಿಗೆ, ವೃತ್ತದ ಅಂಚಿನಲ್ಲಿ ಮಂಡಿಯೂರಿ
ಮುದುಕ ವಾವ್ರಿನೆಟ್ಸ್ ಅಂಕಿ ಓದುತ್ತಿದ್ದ.
ಜನ ಚಪ್ಪಾಳೆ ತಟ್ಟುವುದು ಅವನ ತುದಿಗೆ.
ನನ್ನ ತುದಿಯಲ್ಲಿ ಯಾರು ಎಸೆದರೂ ಸೊನ್ನೆ.

ಜನ ಅಂದರೆ: ಬಸ್ಸಿನಲ್ಲಿ ತಂದಿಳಿಸಿದ ಕಾರ್ಖಾನೆಯವರು,
ಒಂದು ತುಕಡಿ ಸಿಪಾಯಿಗಳು,
ಕಾಗದದ ತಟ್ಟೆಯಲ್ಲಿ ಸಾಸಿವೆ ಮೆತ್ತಿದ ಸಾಸೇಜು,
ಬಾವುಟ ಬೀಸಿ ಬೀಸಿ ತೋಳು ಸೋತ ಮಕ್ಕಳು.

ಒದಾಲಿಸ್ ಕ್ಯೂಬಾದವಳು.
ಹಿಂದಿನ ರಾತ್ರಿ ನಕ್ಷೆ ಬಿಡಿಸಿ ನೋಡಿದ್ದೆ,
ಅವಳ ಮನೆಯಿಂದ ಲಾಸ್ ಏಂಜಲೀಸಿಗೆ ಅರ್ಧ ಗೇಣು,
ನಮ್ಮಲ್ಲಿಗೆ ಪೂರ್ತಿ ಗೇಣು.

ಮೂರನೆಯ ಸುತ್ತಿನಲ್ಲಿ
ಅವಳು ಒಂದೂವರೆ ಸುತ್ತು ತಿರುಗಿದ್ದು ಕಂಡಿತು,
ಆಮೇಲೆ ಬರೀ ಬೆಳಕು.
ನಾನು ನಿಂತಿದ್ದದ್ದು
ಅವಳು ಇಷ್ಟು ಎಸೆಯಬಲ್ಲಳು ಎಂದು ನಾವು ನಂಬಿದ ಜಾಗದಲ್ಲಿ.
ಅದು ತಲೆಯ ಮೇಲೆ ಹಾದು ನನ್ನ ಬೆನ್ನ ಹಿಂದೆ
ಹುಲ್ಲು ಕಿತ್ತುಕೊಂಡು ಬಿತ್ತು.

ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ.
ಹಾಳೆಯಲ್ಲಿದೆ, ಹಾಳೆ ಯಾವುದೋ ಕಪಾಟಿನಲ್ಲಿದೆ.
ಫಲಕದ ಮೇಲೆ ಅದು ಹೊತ್ತಿದಾಗ
ಅವಳು ಹಿಗ್ಗಲಿಲ್ಲ.
ಹಿಗ್ಗಿದ್ದು ಟೇಪು.
ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಏಳನೆಯ ತರಗತಿಯ ಪಾಠ,
ಹಿಗ್ಗಿದ ಟೇಪು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.
ಎಂಟು ಮಿಲಿಮೀಟರು, ನನ್ನ ಲೆಕ್ಕದಲ್ಲಿ.
ನಿಯಮಕ್ಕೆ ಅದು ಲೆಕ್ಕವೇ ಅಲ್ಲ.

ಕೊನೆಗೆ ಅವಳು ನಾಲ್ಕನೆಯವಳು.
ಬೂಟು ಕೈಯಲ್ಲಿ ಹಿಡಿದು
ಬರಿಗಾಲಲ್ಲಿ ಹುಲ್ಲು ದಾಟಿ ನನ್ನ ಹತ್ತಿರ ಬಂದಳು,
ತಾನು ಮಾಡಿದ ಗುಳಿಯ ಪಕ್ಕ ಕೂತು
ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಒಳಗಿಳಿಸಿದಳು.
“ತಾಮ್?” ಅಂದಳು.
ಅಲ್ಲಿ? ಅಲ್ಲಿ ಎಷ್ಟು?
ಅವಳು ಕಲಿತ ರಷ್ಯನ್ನಿಗೂ ನನ್ನ ಚೆಕ್ಕಿಗೂ ಆ ಮಾತು ಒಂದೇ,
ಅರ್ಥವಾಗಲಿಲ್ಲ ಅನ್ನುವಂತಿರಲಿಲ್ಲ.

ನನಗೆ ಗೊತ್ತಿತ್ತು.
ಭಾವನ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು,
ಪಕ್ಕದ ಮನೆಗೆ ನೀರಿನ ಸದ್ದಷ್ಟೇ ಕೇಳುವಂತೆ,
ರೇಡಿಯೋಗೆ ಕಿವಿ ಹಚ್ಚಿ ಅಲ್ಲಿಯ ಪದಕದ ಮೂರು ಅಂಕಿ ಕೇಳಿದ್ದೆ.
ಮೂರೂ ಅವಳ ಗುಳಿಯ ಈಚೆಗೇ ಬೀಳುತ್ತಿದ್ದವು,
ನಾನು ಮೊದಲು ನಿಂತಿದ್ದ ಜಾಗದ ಆಸುಪಾಸು.

ಬಿಲ್ಲೆ ಚುಚ್ಚಿಕೊಂಡ ಇನ್ನೊಬ್ಬ ಆಚೆ ನಿಂತಿದ್ದ.
ನಾನು ಟೇಪು ಎಳೆದು, ಸೂರ್ಯನನ್ನು ತೋರಿಸಿ,
ಎರಡೂ ಕೈ ಅಗಲಿಸಿ, ಬೆರಳುಗಳ ನಡುವೆ
ಅಕ್ಕಿಕಾಳಿನಷ್ಟು ಸಂದು ಬಿಟ್ಟು
ಅದು ನಿನ್ನದು, ಬರೆಯದೆ ಉಳಿದದ್ದು, ಎಂದೆ.
ನೋಡಿದಳು. ನಕ್ಕಳು, ಜೋರಾಗಿ,
ಹುಚ್ಚಿಯನ್ನು ಕಂಡು ನಗುವ ಹಾಗೆ.
ಕೈ ಹಿಡಿದು ಎದ್ದಳು; ಉಗುರಿನೊಳಗೆ ಮಣ್ಣು.

ಕೊಡತಿ ಹಿಡಿದ ಹುಡುಗ ಬಂದು ಗುಳಿ ಮುಚ್ಚಿದ.
ಬೇಡ ಅನ್ನಬೇಕೆಂದುಕೊಂಡೆ. ಅನ್ನಲಿಲ್ಲ.

ಜನವರಿ, ಸೊನ್ನೆಗಿಂತ ಹನ್ನೆರಡು ಕೆಳಗೆ.
ಅದೇ ಟೇಪು ಹಿಡಿದು ಮಕ್ಕಳಿಂದ
ಶಾಲೆಯ ಅಂಗಳ ಅಳೆಯಿಸಿದೆ.
ಟೇಪು ಕುಗ್ಗಿತ್ತು.
ಜೂನಿನ ಪಟ್ಟಿ ತೆಗೆದು, ಎರಡೆರಡು ಸಲ ನೋಡಿ,
ಮೂಗು ಕೆಂಪಾದ ಹುಡುಗಿಯೊಬ್ಬಳು ಕೂಗಿದಳು,
ಟೀಚರ್, ಅಂಗಳ ಬೆಳೆದಿದೆ.