ಬೇಕಾಗಿದ್ದಾರೆ

ಏಳು ತಿಂಗಳ ಮಗುವನ್ನು ನೋಡಿಕೊಳ್ಳಲು
ಹೆಂಗಸರು ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ.
ಬರೆದದ್ದು ನಾನೇ, ಪ್ರೂಫ್ ನೋಡಿದ್ದೂ ನಾನೇ;
ಬಂದರಿನ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ
ಊರವರ ಮದುವೆ ಕಾಗದದ ಕೊಂಬು, ದೀರ್ಘ, ಒತ್ತು
ಕೆಂಪು ಪೆನ್ನಿನಲ್ಲಿ ತಿದ್ದಿದ ಕೈ.
ಒಂದು ತಪ್ಪೂ ಇರಲಿಲ್ಲ.
ಮೂರು ಭಾನುವಾರಕ್ಕೆ ದುಡ್ಡು ಕಟ್ಟಿ ಬಂದೆ.

ಮೊದಲು ಬಂದವರು ಮೂರು ಮಹಡಿ ಹತ್ತಿ,
ಲಿಫ್ಟ್ ಇಲ್ವಾ ಎಂದು ಕೇಳಿ, ನೀರು ಕುಡಿದು, ಇಳಿದರು.
ಎರಡನೆಯವರು ಮಗುವನ್ನು ಎತ್ತಿದ್ದು
ಕಂಕನಾಡಿ ಮಾರ್ಕೆಟಿನಲ್ಲಿ ಸೌತೆ ಎತ್ತಿ ನೋಡಿದ ಹಾಗೆ.
ಮೂರನೆಯವರನ್ನು ಕಳಿಸಿದ್ದು ಏಜೆನ್ಸಿ.
ಅವರ ಸಂಬಳ
ನನ್ನದಕ್ಕಿಂತ ಮುನ್ನೂರು ಹೆಚ್ಚು.
ಒಳಗೆ ಪ್ರಮಿಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು,
ಸೊಂಟದ ಹೊಲಿಗೆ ಬಿಚ್ಚಿ ಎರಡಿಂಚು ಸಡಿಲ ಮಾಡಿದ್ದು.
ಒಂದನೇ ತಾರೀಕಿಗೆ ಇನ್ನು ನಾಲ್ಕು ದಿನ.

ಆಮೇಲೆ ತೊಕ್ಕೊಟ್ಟಿನಿಂದ ವಾರಿಜಕ್ಕ.
ಕೊಡೆ ಬಾಗಿಲ ಹೊರಗೆ, ಚಪ್ಪಲಿ ಅದರ ಪಕ್ಕ,
ಕುರ್ಚಿಯ ತುದಿಯಲ್ಲಿ ಮಾತ್ರ ಕುಳಿತರು.
ಅನುಭವ?
"ಬೀಡಿ ಕಟ್ಟಿದ್ದು, ಮೂವತ್ತೊಂದು ವರ್ಷ.
ಹೋದ ಆಟಿಯಲ್ಲಿ ಬ್ರಾಂಚ್ ಮುಚ್ಚಿದರು."
ಮಕ್ಕಳದ್ದು?
"ಅದೆಂತ ಅನುಭವ ಮಾರಾಯ್ರೆ!
ತೊಡೆಯ ಮೇಲೆ ತಡ್ಪೆ, ಕಾಲ ಬೆರಳಲ್ಲಿ ತೊಟ್ಟಿಲ ಹಗ್ಗ.
ಹಾಗೆ ನಾಲ್ಕು. ಎರಡು ನನ್ನದು, ಎರಡು ತಂಗಿಯದು.
ಅವಳು ಈಗ ಇಲ್ಲ."

ನಾನು ಹೇಳಿದೆ: ಎಂಟರಿಂದ ಆರು.
ಹಾಲು ಇಷ್ಟು, ಹನ್ನೊಂದಕ್ಕೆ ರಾಗಿ ಮಣ್ಣಿ,
ಫೋನು ಹೆಚ್ಚು ಬೇಡ, ಟಿವಿ ಬೇಡವೇ ಬೇಡ,
ಎಲೆ ಅಡಿಕೆ ಬಾಯಲ್ಲಿ ಮುತ್ತು ಕೊಡುವುದು ಬೇಡ,
ಭಾನುವಾರ ರಜೆ, ಬಸ್ಸಿನ ದುಡ್ಡು ಬೇರೆ.
ದೈವಕ್ಕೆ ದೀಪ ಇಡಲಿಕ್ಕೆಂದು
ಸಂಕ್ರಮಣಕ್ಕೆ ಅರ್ಧ ದಿನ ಕೇಳಿದರು.
ಐನೂರು ಹೆಚ್ಚೂ ಕೇಳಿದರು, ಇನ್ನೂರೈವತ್ತಕ್ಕೆ ನಿಂತಿತು.
ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ,
"ಬಾಲೆದ ಪುದರ್ ದಾದ?"

ಮುಕ್ಕಾಲು ಗಂಟೆಯಾಗಿತ್ತು.
ಮಗುವಿನ ಹೆಸರನ್ನು ನಾನು ಹೇಳಿಯೇ ಇರಲಿಲ್ಲ.
ಜಾಹೀರಾತಿನಲ್ಲೂ ಇಲ್ಲ.
ಬಂದ ಮೂವರೂ ಕೇಳಿರಲಿಲ್ಲ.
ಋತ್ವಿ, ಎಂದೆ, ಪ್ರೆಸ್ಸಿನಲ್ಲಿ ಓದಿ ಹೇಳುವ ಹಾಗೆ, ಬಿಡಿಸಿ.
"ರುತ್ತೀ" ಎಂದರು. ಮಗು ತಿರುಗಿ ನೋಡಿತು.
ನಾನು ತಿದ್ದಲಿಲ್ಲ.

ಬ್ರಾಂಚ್ ಮುಚ್ಚಿದ್ದು ಅವರ ಬೆರಳುಗಳಿಗೆ ಗೊತ್ತಿಲ್ಲ.
ಮಗು ನಿದ್ದೆ ಹೋದರೆ ಸೆರಗಿನ ಅಂಚು ಸುರುಳಿಯಾಗುತ್ತದೆ,
ಬಿಚ್ಚುತ್ತದೆ, ಮತ್ತೆ ಸುರುಳಿ.
ಸಂಜೆ ನಾನು ಬಂದರೆ
ರುತ್ತಿಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿಯುತ್ತಾರೆ:
ಕತ್ತರಿಸಿದ ಉಗುರು, ಒರೆಸಿದ ಕಿವಿಯ ಹಿಂದು, ಒಣಗಿದ ತೊಡೆಸಂದಿ.
ಚೆಕ್ಕರ್ ಹಾಗೆ ನೋಡುತ್ತಿದ್ದನಂತೆ,
ಸಾವಿರಕ್ಕೆ ಐವತ್ತು ಮುರಿದು ಬಿಸಾಡುತ್ತಿದ್ದನಂತೆ,
ಒಳ್ಳೆಯದನ್ನೂ.
ನೋಡುವುದೆಂತದು ವಾರಿಜಕ್ಕ, ಎಂದರೂ
"ಒಮ್ಮೆ ನೋಡಿ" ಎನ್ನುತ್ತಾರೆ.
ನನ್ನ ಕಿಸೆಯಲ್ಲಿ ಕೆಂಪು ಪೆನ್ನು.

ಮೂರನೇ ಭಾನುವಾರದ್ದನ್ನು ನಿಲ್ಲಿಸಲು ಮರೆತೆ.
ಸೋಮವಾರ ಬೆಳಿಗ್ಗೆಯೂ ಫೋನು ಬಡಿದುಕೊಳ್ಳುತ್ತಿತ್ತು.
ಸಿಕ್ಕಿದ್ದಾರೆ, ಎಂದೆ.
ಆಚೆ ಬಸ್ಸಿನ ಸದ್ದು, ಆಮೇಲೆ ಒಂದು ಸಣ್ಣ "ಹೌದಾ".
ಇಡಲು ಮನಸ್ಸಾಗದೆ, ಎಲ್ಲಿಂದ ಎಂದು ಕೇಳಿದೆ.
ಕುತ್ತಾರಿನಿಂದ. ಹೆಸರು ಕಮಲಾಕ್ಷಿ.
ವಾರಿಜಕ್ಕ ಮಗುವನ್ನು ಸೊಂಟಕ್ಕೇರಿಸಿ
ಕೈ ಚಾಚಿದರು, ಇಲ್ಲಿ ಕೊಡಿ.

ಅದೇ ಬ್ರಾಂಚು. ಸಾಲಿನಲ್ಲಿ ಇವರ ಹಿಂದೆ ಅವಳು.
ತುಳುವಿನಲ್ಲಿ ಬಹಳ ಹೊತ್ತು ನಕ್ಕರು,
ಆಮೇಲೆ ಬರೇ ಕೇಳಿಸಿಕೊಂಡರು, ಹ್ಞಾಂ, ಹ್ಞಾಂ,
ರುತ್ತಿ ಅವರ ಕರಿಮಣಿ ಚೀಪುತ್ತಿದ್ದಳು.
ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ನೋಡಿದರು:
"ನಿಮ್ಮ ಪ್ರೆಸ್ಸಿನ ಕಡೆ, ಪ್ರಮಿಳಕ್ಕನ ಆಸ್ಪತ್ರೆ ಕಡೆ,
ಎಲ್ಲಿಯಾದರೂ ಉಂಟಾ,
ಇವಳಿಗೂ ಒಂದು ಮಗು?"